ಸಹಿಯ ಮೇಲಿನ ಖಾಲಿ ಜಾಗ

"ಮೂರು ಸಲ ಸಭೆಗೆ ಕರೆದ್ರು, ಮೂರು ಸಲಾನೂ ಕಾಗದ ಬಂದಿದ್ದು ಸಭೆ ಮುಗಿದ ಮೇಲೆ. ಅಂಚೆಯವನನ್ನ ಬೈದೆ, ಪಾಪ, ಅಂಚೆ ಮುದ್ರೆ ನೋಡಿದ್ರೆ ಮಂಡಳಿಯವರೇ ತಡವಾಗಿ ಹಾಕಿದ್ರು! ನಮ್ಮ ಕಡೆಗೂ ಒಂದು ಕುರ್ಚಿ ಕೊಟ್ಟಿದ್ದೀವಿ ಅಂತ ತೋರಿಸೋಕೆ ನಾನು ಬೇಕು, ಅದರಲ್ಲಿ ಕೂರೋಕೆ ಬೇಡ."

ದರ್ಜಿಯಕ್ಕ ಬಟ್ಟೆ ಕೊಡಲು ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಳು. ರಾಜ್ಯದ ಸಾರಿಗೆ ಮಂಡಳಿಯಲ್ಲಿ ಅವಳ ಊರಿನ ಕಡೆಗಿದ್ದ ಒಂದೇ ಸ್ಥಾನ ಅವಳದು. ಬೆಳಗಿನ ಆಸ್ಪತ್ರೆ ಬಸ್ಸು ನಿಲ್ಲಿಸುತ್ತಾರೆಂಬ ಸುದ್ದಿ ಕೇಳಿ, ಅದನ್ನು ತಡೆಯಲೆಂದೇ ಆ ಸ್ಥಾನಕ್ಕೆ ಒಪ್ಪಿದ್ದಳು.

ಒಂದು ಮಧ್ಯಾಹ್ನ ಮಂಡಳಿಯ ಗುಮಾಸ್ತ ಸಭೆಯ ನಡಾವಳಿ ಪುಸ್ತಕವನ್ನು ಮನೆಗೇ ತಂದ.

"ಇಲ್ಲೊಂದು ಸಹಿ ಹಾಕಿಬಿಡಿ ಅಕ್ಕ, ನಿಮಗ್ಯಾಕೆ ಓಡಾಟದ ತೊಂದರೆ?"

ಅವಳು ಪುಟದ ಮೇಲೆ ಅಳತೆಯ ಟೇಪು ಹಿಡಿದಳು. ಬರಹ ಮುಗಿದಲ್ಲಿಂದ ಸಹಿಯ ಜಾಗದವರೆಗೆ ಮೂರು ಇಂಚು ಖಾಲಿ.

"ಇಷ್ಟು ಬಟ್ಟೆ ಯಾಕೆ ಮಿಕ್ಕಿದೆ ತಮ್ಮಾ? ಇದರಲ್ಲಿ ಯಾರಿಗೆ ಅಂಗಿ ಹೊಲೀತೀರಿ?"

"ಅದು... ಸಾಹೇಬ್ರು ಆಮೇಲೆ ಬರೀತಾರೆ."

"ಹಾಗಾದ್ರೆ ಬರೆದ ಮೇಲೆ ತಗೊಂಡ್ಬಾ. ಬಸ್ಸು ನಿಲ್ಲಿಸೋಕೆ ನಾನೂ ಒಪ್ಪಿದೆ ಅಂತ ಅಲ್ಲಿ ಬಂದ್ರೆ, ಊರವರು ನನ್ನನ್ನೇ ಹೊಲಿದುಹಾಕ್ತಾರೆ."

ಗುಮಾಸ್ತ ಬೆವರು ಒರೆಸಿಕೊಂಡು ಪುಸ್ತಕ ಮಡಚಿದ. ಅವನು ಬೀದಿಯ ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಳು.