ಒಗೆಯಬಾರದಿದ್ದ ಸೀರೆಗಳು

ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ, ಒಂದು ಹಳೇ ಮನೆಯ ಕೆಳಗಿನ ಪೋರ್ಷನ್ನಿನಲ್ಲಿ ನಮ್ಮ ಶಿಶುಪಾಲನಾ ಕೇಂದ್ರವಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಆದರೂ ಆ ಕಡೆ ಹೋದಾಗಲೆಲ್ಲ ಒಂದು ನಿಮಿಷ ನಿಂತು ನೋಡುತ್ತೇನೆ.

ಗಾರ್ಮೆಂಟ್ಸ್‌ಗೆ, ಮನೆಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ನಾನು ಸಂಯೋಜಕಿ. ಹೆಸರೇನೋ ದೊಡ್ಡದು. ಮಾಡುತ್ತಿದ್ದದ್ದು ಒಬ್ಬಳ ರೇಷನ್ ಕಾರ್ಡಿಗೆ ಅರ್ಜಿ ಬರೆಯುವುದು, ಇನ್ನೊಬ್ಬಳ ಮಗುವಿಗೆ ಲಸಿಕೆ ಹಾಕಿಸುವುದು, ಮತ್ತೊಬ್ಬಳ ಗಂಡನಿಗೆ ಬೈಯುವುದು. ಮೂರನೆಯದು ನನಗೆ ಚೆನ್ನಾಗಿ ಒಗ್ಗಿತ್ತು.

ಮಗುವನ್ನು ಸೇರಿಸುವ ದಿನ ಪ್ರತಿ ತಾಯಿಯೂ ತನ್ನದೊಂದು ಹಳೇ ಹತ್ತಿ ಸೀರೆ ತರುತ್ತಿದ್ದಳು. ಅದರಲ್ಲೇ ಜೋಲಿ ಕಟ್ಟಿ ಅವಳ ಮಗುವನ್ನು ಮಲಗಿಸುವುದು. ಶನಿವಾರ ಆ ಸೀರೆಯನ್ನು ಮನೆಗೆ ಒಯ್ದು, ಭಾನುವಾರವೆಲ್ಲ ಉಟ್ಟು, ಸೋಮವಾರ ಹಾಗೇ ಮಡಚಿ ತರುತ್ತಿದ್ದರು. ಇದು ವಾರವಾರವೂ ನನ್ನ ಕಣ್ಣಿಗೆ ಬೀಳುತ್ತಿತ್ತೇ ಹೊರತು ತಲೆಗೆ ಹೋಗಿರಲಿಲ್ಲ. ದಾವಣಗೆರೆಯ ನಮ್ಮವ್ವ ತೊಳೆದ ಕೊಡವನ್ನೇ ಇನ್ನೆರಡು ಸಲ ತೊಳೆಯುವವಳು. ನಾನು ಅವಳ ಮಗಳು.

ಒಂದು ಸಲ, ಮರುದಿನ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುತ್ತಾರೆಂದು ತಿಳಿಯಿತು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ಅಂದು ರಜೆ. ತಡೆಯುವವರಿಲ್ಲ. ಸಂಜೆ ಜೋಲಿಗಳನ್ನೆಲ್ಲ ಬಿಚ್ಚಿ, ಸೋಪಿನ ಪುಡಿಯಲ್ಲಿ ನೆನೆಸಿ, ಕುಕ್ಕಿ ಒಗೆದು ತಾರಸಿಯಲ್ಲಿ ಒಣಹಾಕಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬೆಳಗ್ಗೆ ಬಂದ ಆಯಾ ಸೀರೆಯನ್ನು ಮೂಗಿಗೆ ಹಿಡಿದರು. "ಅಯ್ಯೋ, ಒಗೆದ್ಬಿಟ್ರಾ ಮೇಡಂ? ಅವ್ರಮ್ಮಂದಿರ ವಾಸ್ನೆ ಇಲ್ದೆ ಇವು ಹೆಂಗೆ ಮಲಗ್ತವೆ?"

ಹತ್ತು ಗಂಟೆಗೆ ಮನೆಯೆಲ್ಲ ಅಳು. ಮಾಡಿದ್ದುಣ್ಣೋ ಮಹರಾಯ! ದೊಡ್ಡ ಮಕ್ಕಳನ್ನು ಬಾಳೆಹಣ್ಣು, ಹಾಡು ಎಂದು ಹೇಗೋ ಸಮಾಧಾನ ಮಾಡಿದೆವು. ಎಂಟು ತಿಂಗಳ ಒಂದು ಹೆಣ್ಣುಮಗು ಮಾತ್ರ ಜಗ್ಗಲಿಲ್ಲ. ಮಧ್ಯಾಹ್ನವಾದರೂ ಹನಿ ಹಾಲು ಮುಟ್ಟಲಿಲ್ಲ, ಅತ್ತೂ ಅತ್ತೂ ದನಿ ಬಿದ್ದುಹೋಯಿತು. ಅದರ ತಾಯಿ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗುವಿಗಾಗಿ ಆ ತಿಂಗಳು ಆಗಲೇ ಎರಡು ಸಲ ಅರ್ಧ ದಿನಕ್ಕೆ ಎದ್ದು ಬಂದಿದ್ದಳು. ಇನ್ನೊಮ್ಮೆ ಹೋದರೆ ಮರಳಿ ಬರಬೇಡ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದಲೇ. ಕರೆಸಿದರೆ ಕೆಲಸ ಹೋಗುತ್ತದೆ, ಕರೆಸದಿದ್ದರೆ ಮಗು ಉಪವಾಸ. ನನಗೆ ನಿಜವಾಗಿ ಭಯವಾಯಿತು.

ಸ್ಕೂಟರ್ ತೆಗೆದುಕೊಂಡು ಊಟದ ಬಿಡುವಿನ ಹೊತ್ತಿಗೆ ಸರಿಯಾಗಿ ಅವಳ ಫ್ಯಾಕ್ಟರಿಯ ಗೇಟಿಗೆ ಹೋದೆ. "ಒಳಗೆ ಬಿಡಲ್ಲ ಆಂಟಿ. ಕರೆಸ್ತೀನಿ, ಎರಡೇ ನಿಮಿಷ," ಎಂದ ಕಾವಲಿನವನು.

ಅವಳು ಓಡಿಬಂದಳು. ಮುಖದಲ್ಲಿ ರಕ್ತವಿರಲಿಲ್ಲ. "ಮಗೂಗೆ ಏನಾಯ್ತು ಮೇಡಂ?"

"ಮಗು ಚೆನ್ನಾಗಿದೆ ಕಣಮ್ಮ. ಹಾಲು ಕುಡೀತಿಲ್ಲ ಅಷ್ಟೆ. ತಪ್ಪು ನಂದು, ನಿನ್ನ ಸೀರೆ ಒಗೆದ್ಬಿಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬೆಳಗ್ಗಿನಿಂದ ಬೆವರಿನಲ್ಲಿ ನೆಂದಿದ್ದ ತನ್ನ ವೇಲ್ ತೆಗೆದು ನನ್ನ ಕೈಗಿಟ್ಟಳು. "ಇದನ್ನ ಜೋಲೀಲಿ ಹಾಸಿ. ಇದನ್ನೂ ಒಗೆದ್ಬಿಡಬೇಡಿ ಮತ್ತೆ."

ವೇಲ್ ಇಲ್ಲದೆ, ಎದೆಗೆ ಎರಡೂ ಕೈ ಅಡ್ಡ ಕಟ್ಟಿಕೊಂಡು ಅವಳು ಒಳಗೆ ಹೊರಟಳು. ಕೂಗಿ ನಿಲ್ಲಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ವೇಲನ್ನು ಅವಳಿಗೆ ಹೊದಿಸಿದೆ. ಅವಳದನ್ನು ನಾನು ಹೊದ್ದು ಬಂದೆ. ಬೆವರು, ಕೊಬ್ಬರಿ ಎಣ್ಣೆ, ಮೆಷಿನ್ ಎಣ್ಣೆ, ಎಲ್ಲ ಸೇರಿದ ವಾಸನೆ ದಾರಿಯುದ್ದಕ್ಕೂ ನನ್ನ ಜೊತೆಗಿತ್ತು.

ಅಧಿಕಾರಿ ಆಗಲೇ ಬಂದು ಚಾಪೆಯ ಮೇಲೆ ಕುಳಿತಿದ್ದರು. ಅವರಿಗೆ ನಮಸ್ಕಾರ ಹೇಳಲೂ ಮರೆತು ವೇಲನ್ನು ಜೋಲಿಯಲ್ಲಿ ಹಾಸಿ ಮಗುವನ್ನು ಮಲಗಿಸಿದೆ. ಅದು ಅಂಚನ್ನು ಮುಷ್ಟಿಯಲ್ಲಿ ಹಿಡಿದು ಬಿಕ್ಕಿತು. ಆಮೇಲೆ ಆಯಾ ಕೊಟ್ಟ ಹಾಲನ್ನು ಗುಟುಗುಟು ಕುಡಿದು ಕಣ್ಣು ಮುಚ್ಚಿತು.

"ಇಷ್ಟು ಕೊಳೆ ಬಟ್ಟೇಲಿ ಮಗು ಮಲಗಿಸ್ತೀರಾ?" ಅಧಿಕಾರಿ ಕೇಳಿದರು.

"ಕೊಳೆ ಅಲ್ಲ ಮೇಡಂ, ಅದು ಅವಳಮ್ಮ," ಎಂದೆ. ಅವರು ನನ್ನ ಮುಖ ನೋಡಿದರು, ಮಗುವನ್ನು ನೋಡಿದರು, ಪೆನ್ನಿನ ಕ್ಯಾಪು ಮುಚ್ಚಿದರು.

ಆ ತಾಯಿಯ ಕೆಲಸ ಉಳಿಯಿತು. ಮರುದಿನ ನನ್ನ ವೇಲನ್ನು ಒಗೆದು, ಮಡಚಿ, ನಗುತ್ತ ತಂದುಕೊಟ್ಟಳು.

ಹೋದ ವರ್ಷ ಅವ್ವ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕಂದಿರು ಅವಳ ಬಟ್ಟೆಗಳನ್ನು ಒಗೆಯಲು ರಾಶಿ ಹಾಕಿದ್ದರು. ಯಾರಿಗೂ ಕಾಣದಂತೆ ಅದರಿಂದ ಒಂದು ಸೀರೆ ಎಳೆದು ಬ್ಯಾಗಿಗೆ ತುರುಕಿಕೊಂಡೆ. ಈಗ ಅದು ಬಸವೇಶ್ವರನಗರದ ನನ್ನ ಮನೆಯಲ್ಲಿ, ದಿಂಬಿನ ಪಕ್ಕದಲ್ಲಿದೆ. ಅವ್ವ ಕಂಡಿದ್ದರೆ ಒಂದೇ ಮಾತು ಹೇಳುತ್ತಿದ್ದಳು: "ಮೊದ್ಲು ಅದನ್ನ ಒಗಿಯಾಕ್ ಹಾಕು."