ಜಪಾನಿನಲ್ಲಿ ಕಂಡ ಕಣ

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಬೈಯುವುದನ್ನೇ ಬಿಟ್ಟಿದ್ದಳು. ಬೈಸಿಕೊಂಡೇ ಬೆಳೆದವನಿಗೆ ಅದೆಂಥ ಶಿಕ್ಷೆ ಅಂತ ಯಾರಿಗೆ ಹೇಳುವುದು? ಏನು ಕೇಳಿದರೂ ‘ಊಂ’, ಬಡಿಸಿದರೆ ಎರಡು ತುತ್ತು. ದುದ್ದದ ನಮ್ಮ ಮನೆ ಹಿಂದೆ ರಾಗಿ ಮೆದೆ ಒಟ್ಟಿದ್ದು ಒಟ್ಟಿದ ಹಾಗೇ ಇತ್ತು. ಊರವರೆಲ್ಲ ತೆನೆಯನ್ನು ರಸ್ತೆಗೆ ಹರಡಿ ಬಸ್ಸು ಲಾರಿಗಳ ಕೈಲಿ ತುಳಿಸಿದರೂ, ಅಪ್ಪ ಅವ್ವ ಮಾತ್ರ ವರ್ಷವರ್ಷವೂ ನೆಲಕ್ಕೆ ಸಗಣಿ ಸಾರಿಸಿ, ಕಣ ಮಾಡಿಯೇ ಒಕ್ಕಣೆ ಮಾಡುತ್ತಿದ್ದರು. ಈ ಸಲ ಅವ್ವ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಅಂಥ ಹೊತ್ತಿನಲ್ಲಿ ಹಾಸನದ ನಮ್ಮ ಕಾರ್ಖಾನೆಯವರು ತರಬೇತಿಗೆಂದು ನನ್ನನ್ನು ಜಪಾನಿಗೆ ಕಳಿಸಿದರು. ರಜೆಯ ದಿನ ಅಲ್ಲಿನ ಹಳೆಯ ತೋಟವೊಂದನ್ನು ನೋಡಲು ಹೋದೆ. ತೋಟ ಅಂದರೆ ನಮಗೆ ತೆಂಗು, ಬಾಳೆ. ಅಲ್ಲಿ ನೋಡಿದರೆ ಬಗ್ಗಿಸಿ ಬೆಳೆಸಿದ ಮರಗಳು, ಪುಟ್ಟ ಕೊಳ. ನಾವು ಬಚ್ಚಲಲ್ಲಿ ಕಂಡರೆ ಉಜ್ಜಿ ತೆಗೆಯುವ ಪಾಚಿಯನ್ನು ಪುಣ್ಯಾತ್ಮರು ಮಗುವಿನ ಹಾಗೆ ಸಾಕಿದ್ದರು! ಅದರಾಚೆ ಬಿಳಿ ಜಲ್ಲಿ ಹರಡಿದ ಅಂಗಳ. ವಯಸ್ಸಾದ ಮಾಲಿಯೊಬ್ಬರು ಹಲ್ಲುಹಲ್ಲಿನ ಉದ್ದ ಕೋಲಿನಿಂದ ಅದರಲ್ಲಿ ಗೆರೆ ಎಳೆಯುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು.

ಅವ್ವನಿಗೆ ತೋರಿಸೋಣವೆಂದು ತಂಗಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಫೋನನ್ನು ಅವ್ವನ ಮುಂದೆ ಹಿಡಿದಳು. ಮರಕ್ಕೂ ‘ಊಂ’, ಕೊಳಕ್ಕೂ ‘ಊಂ’. ಅಂಗಳ ತೋರಿಸುತ್ತ ಫೋನು ಕೆಳಗಿಳಿಸಿದಾಗ ಜಲ್ಲಿಯ ಅಂಚಿನಲ್ಲಿದ್ದ ನನ್ನ ಬೂಟು ಕಂಡಿರಬೇಕು.

“ಲೇ, ಯಾರ್ದೋ ಕಣದಾಗೆ ಮೆಟ್ಟಾಕ್ಕಂಡು ನಿಂತಿದ್ದೀಯಲ್ಲಾ! ನಿಮ್ಮಪ್ಪ ಏಳ್ಕೊಟ್ಟಿದ್ದೆಲ್ಲ ಎಲ್ಲೋಯ್ತು? ಬಿಚ್ಚು ಮೊದ್ಲು!”

ಅದು ಕಣವಲ್ಲ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಮೆಟ್ಟು ಹಾಕಿಕೊಂಡು ಕಣಕ್ಕೆ ಕಾಲಿಟ್ಟರೆ ರಾಶಿ ಹುಲುಸಾಗುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಬೂಟು, ಕಾಲುಚೀಲ ಎರಡನ್ನೂ ಕಳಚಿ ಪಕ್ಕಕ್ಕಿಟ್ಟೆ. ಕಾಲಡಿಯ ಕಲ್ಲು ಚಳಿಗೆ ಕೊರೆಯುತ್ತಿತ್ತು. ನನಗೋ ಕುಣಿದುಬಿಡುವಷ್ಟು ಖುಷಿ.

ಮಾಲಿ ತಿರುಗಿದರು. ನನ್ನ ಬರಿಗಾಲನ್ನು ನೋಡಿ, ಕೆಲಸ ನಿಲ್ಲಿಸಿ, ಬಗ್ಗಿ ನಮಸ್ಕರಿಸಿದರು. ನಾನೂ ಬಗ್ಗಿದೆ.

“ಆ ಯಜಮಾನ್ರು ಬೋ ಸಂದಾಗಿ ಮಾಡವ್ರೆ. ನಾನು ಅಂಗಂದೆ ಅಂತ ಏಳು,” ಅಂದಳು ಅವ್ವ.

ಹೇಳಲು ಅವರ ಭಾಷೆ ನನಗೆಲ್ಲಿ ಬರಬೇಕು? ಇನ್ನೊಮ್ಮೆ, ಇನ್ನೂ ಬಗ್ಗಿ ಕೈಮುಗಿದೆ. ಆ ಹಿರಿಯರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ತಲೆ ಎತ್ತಿ ನೋಡಿದರೆ ಫೋನಿನಲ್ಲಿ ಅವ್ವ ಇಲ್ಲ, ಬರೀ ಗೋಡೆ. ಹಿತ್ತಲ ಕಡೆಯಿಂದ ದನಿ ಕೇಳುತ್ತಿತ್ತು. “ಸಗಣಿ ಮಂಕರಿ ಎಲ್ಲಿಟ್ಟಿದ್ದೀಯೇ? ಕಣ ಸಾರ್ಸದು ಬ್ಯಾಡ್ವಾ?” ತಂಗಿ ಫೋನು ಹಿಡಿದುಕೊಂಡೇ ಅತ್ತ ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಅವ್ವ ನನ್ನತ್ತ ಒಮ್ಮೆ ನೋಡಿದಳು.

“ಇನ್ನೂ ಬರಿಗಾಲಲ್ಲೇ ನಿಂತಿದ್ದೀಯೇನ್ಲಾ? ಸೀತ ಆದಾತು. ಈಚೆ ಬಂದು ಮೆಟ್ಟಾಕ್ಕ.”