ರಾಗಿ ಮೂಟೆಯ ಪರೀಕ್ಷೆ

ಕೆಂಪಣ್ಣನ ಗ್ಯಾರೇಜಿನ ಮೂಲೆಯಲ್ಲಿ ಯಾವಾಗಲೂ ನಾಲ್ಕು ರಾಗಿ ಮೂಟೆ ಇರುತ್ತಿದ್ದವು. ಕನಕಪುರದ ಬೇರಾವ ಮೆಕ್ಯಾನಿಕ್ಕನ ಬಳಿಯೂ ಇಲ್ಲದ ಈ ಸಾಮಾನು ಅವನಿಗೆ ಸ್ಪ್ಯಾನರಿನಷ್ಟೇ ಮುಖ್ಯ. ರಿಪೇರಿ ಮುಗಿದ ಗಾಡಿಗೆ ಅವನ್ನು ಹೇರಿಕೊಂಡು ಕಬ್ಬಾಳಿನ ದಾರಿಯ ಏರು ಹತ್ತಿಸುತ್ತಿದ್ದ. ಗೇರ್ ಇಳಿಸದೆ ಹುಣಸೆಮರ ದಾಟಿದರೆ ಗಾಡಿ ಪಾಸು. ಇಲ್ಲದಿದ್ದರೆ ಮಾಲೀಕ ಕಾಲಿಗೆ ಬಿದ್ದರೂ ಕೀ ಕೊಡುತ್ತಿರಲಿಲ್ಲ.

ಕಂಪನಿಯವರು ಹೇಳುವ ಹಾರ್ಸ್‌ಪವರನ್ನು ಅವನು ನಂಬಿದವನೇ ಅಲ್ಲ. “ಅದು ಇಂಜಿನ್ನಿನ ಬಾಯಿಮಾತು ಕಣ್ಲಾ,” ಎನ್ನುತ್ತಿದ್ದ. “ಗೇರ್‌ಬಾಕ್ಸು ಒಸಿ ತಿಂತದೆ, ಜಾಯಿಂಟು ಒಸಿ ತಿಂತದೆ, ಬೇರಿಂಗು ಬುಟ್ಟಾತಾ? ಎಲ್ರೂ ಉಂಡು ಚಕ್ರಕ್ಕೆ ಮಿಕ್ಕಿದ್ದೇ ನಿಂದು.”

ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅಲ್ಲಿಗೆ ಕೆಲಸಕ್ಕೆ ಹೋಗುವ ಹೆಂಗಸರನ್ನು ಕರೆದೊಯ್ಯಲು ನಾನೊಂದು ಹಳೇ ವ್ಯಾನ್ ಕೊಂಡಿದ್ದೆ. ಕೆಂಪಣ್ಣ ಪಾಸು ಮಾಡಿದ ಮೇಲೆ ಯಾವ ಅಂಜಿಕೆ? ಮೊದಲ ದಿನವೇ ಅದು ತುಂಬಿದ ಸೀಟುಗಳೊಂದಿಗೆ ಹಾರೋಹಳ್ಳಿ ದಾರಿಯ ಏರಿನಲ್ಲಿ ನಿಂತು, ಹಿಂದಕ್ಕೆ ಜಾರಿತು. ಹಿಂದಿದ್ದ ಲಾರಿಯವನು ಪಕ್ಕಕ್ಕೆ ಎಳೆದುಕೊಂಡದ್ದರಿಂದ ಉಳಿದೆವು.

ಕೆಂಪಣ್ಣ ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ಪೂರ್ತಿ ಸವೆದಿತ್ತು. “ಮೂಟೆ ಹೇರ್ದಾಗ ಯಾಕ್ ಜಾರ್ಲಿಲ್ಲ?” ಎಂದು ತಲೆ ಕೆರೆದುಕೊಂಡ. ಊಟ ತಂದಿದ್ದ ಅವನ ಹೆಂಡತಿ ಜಯಮ್ಮ ಮೆಲ್ಲಗೆ, “ಆ ಮೂಟೇಲಿ ರಾಗಿ ಎಲ್ಲೈತೆ? ಹೊಸ ರಾಗಿ ಬರೋಗಂಟ ಮುದ್ದೆ ಯಾವುದ್ರಲ್ಲಿ ಮಾಡ್ಲಿ? ನಾಲ್ಕ್ರಲ್ಲೂ ಒಸಿ ಒಸಿ ತಕ್ಕೊಂಡು ಹೊಟ್ಟು ತುಂಬ್ದೆ,” ಎಂದಳು.

ದಿನಕ್ಕೆರಡು ಹೊತ್ತು ಆ ಮುದ್ದೆ ನುಂಗಿದವನು ಇವನೇ. ಮೂಟೆ ಎತ್ತುವಾಗ ತನ್ನ ತೋಳು ಗಟ್ಟಿಯಾಗುತ್ತಿದೆ ಎಂದು ಹಿಗ್ಗಿದ್ದನಂತೆ. ನನಗೆ ನಗು ಬಂತು, ಅವನು ನಗಲಿಲ್ಲ. ಮೂಟೆಗಳಿಗೆ ಮರಳು ತುಂಬಿಸಿ, ಆ ವರ್ಷ ಪಾಸು ಮಾಡಿದ ಗಾಡಿಗಳನ್ನೆಲ್ಲ, ಮನೆಮನೆಗೆ ಹೋಗಿ ತಪ್ಪು ಹೇಳಿಕೊಂಡು, ಮತ್ತೆ ಏರು ಹತ್ತಿಸಿದ. “ನನ್ ಮಾತ್ ನಂಬಿ ಜನ ಹತ್ತವ್ರೆ,” ಎಂದಷ್ಟೇ ಹೇಳುತ್ತಿದ್ದ. ಅದುವರೆಗೆ ನನಗೆ ಅವನ ಕೈಗುಣದ ಮೇಲೆ ನಂಬಿಕೆಯಿತ್ತು. ಅವನ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಕೊನೆಯ ಸಲ ಕಂಡಾಗ ಕಾಯಿಲೆಯಿಂದ ಮೈಯೆಲ್ಲ ಇಳಿದುಹೋಗಿತ್ತು. ಕಬ್ಬಾಳಮ್ಮನಿಗೆ ಕೈಮುಗಿಯಬೇಕೆಂದ. ಎತ್ತಿ ಅದೇ ವ್ಯಾನಿನಲ್ಲಿ ಕೂರಿಸಿ ಕರೆದೊಯ್ದೆ. ಗೇರ್ ಇಳಿಸದೆಯೇ ಹುಣಸೆಮರ ದಾಟಿತು.

“ಪಾಸಾಯ್ತು, ನೋಡಣ್ಣ,” ಎಂದೆ.

ಅವನು ಕಿಟಕಿಯಾಚೆ ನೋಡುತ್ತ, “ಇದ್ನ ಲೆಕ್ಕಕ್ಕೆ ತಕ್ಕಬ್ಯಾಡ ಕಣ್ಲಾ,” ಎಂದ. “ಮೂಟೆ ಹಗುರಾಗ್ಬುಟ್ಟೈತೆ.”